ರಾಜಧಾನಿಯೊಂದೇ ಊರಲ್ಲ, ಸ್ವಾಮಿ

ಈ ದೇಶದಲ್ಲಿ ಎರಡು ದಿನ ರಜೆಯೂ ಒಂದು ಕೈಚೀಲವೂ ಸಿಕ್ಕಿದ ಯಾವ ಮನುಷ್ಯನೇ ಆಗಲಿ, ಹಿಂದುಮುಂದು ನೋಡದೆ ರಾಜಧಾನಿಯ ಬಸ್ಸು ಹತ್ತುತ್ತಾನೆ. ಯಾಕಯ್ಯಾ ಹೋದೆ ಎಂದು ಕೇಳಿ, ಎಲ್ಲರೂ ಹೋಗುತ್ತಾರಲ್ಲ ಎನ್ನುತ್ತಾನೆ. ಏನು ನೋಡಿದೆ ಎಂದು ಕೇಳಿ, ಎಲ್ಲರೂ ಬಂದಿದ್ದರು ಎನ್ನುತ್ತಾನೆ. ಸಾಕ್ಷಿಗೆ ಒಂದು ಫೋಟೋ ತಂದಿರುತ್ತಾನೆ. ಅದರಲ್ಲಿ ದೊಡ್ಡ ಗಡಿಯಾರದ ಗೋಪುರದ ಅರ್ಧ, ಅವನ ಹೆಂಡತಿಯ ಮುಕ್ಕಾಲು ಮತ್ತು ಗುರುತು ಪರಿಚಯವಿಲ್ಲದ ಯಾರದೋ ಒಂದು ಪೂರ್ತಿ ಮೊಣಕೈ ಇರುತ್ತದೆ.

ಈ ಕುರಿಮಂದೆತನದ ವಿರುದ್ಧ ಲೇಖನಿ ಎತ್ತಿದವನು ನಾನೊಬ್ಬನೇ. (ಎತ್ತಿದ ಲೇಖನಿಯನ್ನು ಕೆಳಗೆ ಇಡಿಸಿದವಳು ನನ್ನ ಹೆಂಡತಿ. ಅವಳು ಕೈಯನ್ನೂ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ ಎಂಬುದನ್ನು ನ್ಯಾಯವಾಗಿ ಇಲ್ಲೇ ಹೇಳಿಬಿಡುತ್ತೇನೆ.)

ಕಸುಬಿನಿಂದ ನಾನು ತಕ್ಕಡಿ ರಿಪೇರಿಯವನು. ಶಾಲೆ ನನ್ನನ್ನು ಬೇಗ ಬಿಟ್ಟಿತು. ತೂಕದ ಕಲ್ಲುಗಳನ್ನು ಸುತ್ತಿಕೊಂಡು ಬರುತ್ತಿದ್ದ ಹಳೆಯ ಪತ್ರಿಕೆಗಳನ್ನು ಬಿಡಿಸಿ ಬಿಡಿಸಿ ಓದಿ ಅಕ್ಷರಸ್ಥನಾದೆ. ಹಾಗಾಗಿ ನನ್ನ ವಿದ್ಯೆಯಲ್ಲಿ ಅಲ್ಲಲ್ಲಿ ಹರಿದುಹೋದ ಜಾಗಗಳಿವೆ, ಆದರೆ ಇದ್ದಷ್ಟು ಭಾಗ ಭಾರವಾಗಿದೆ. ನಮ್ಮ ಭಾಗದ ಪತ್ರಿಕೆಯಲ್ಲಿ ವಾರಕ್ಕೊಮ್ಮೆ 'ಮುಳ್ಳು' ಎಂಬ ಅಂಕಣ ಬರೆಯುತ್ತೇನೆ. ತಕ್ಕಡಿಯ ನಡುವೆ ನಿಂತು ನ್ಯಾಯ ಹೇಳುವ ಮುಳ್ಳು ಎಂಬ ಅರ್ಥದಲ್ಲಿ ಇಟ್ಟ ಹೆಸರು. ಕಾಲಿಗೆ ಚುಚ್ಚುವ ಮುಳ್ಳು ಎಂದು ಊರವರು ತಿಳಿದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿಯ ಹೊಲಿಗೆ ಮಷೀನು ಇದೆ. ಅವಳು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಶಾಲೆ ಶುರುವಾಗುವ ಹೊತ್ತಿಗೆ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಊಟದ ಮೇಜಿನ ಮೇಲೆ ತೋಳುಗಳು, ಮಂಚದ ಮೇಲೆ ಕಾಲರುಗಳು, ಬಾಗಿಲ ಹಿಂದೆ ತಲೆಯಿಲ್ಲದ ಮೂರನೇ ತರಗತಿ. ಹಿಂದಿನ ಕೋಣೆಯಲ್ಲಿ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ. ಅವರು ಪತ್ರಿಕೆಯನ್ನು ಮೊದಲ ಅಕ್ಷರದಿಂದ ಮುದ್ರಕರ ವಿಳಾಸದವರೆಗೆ ಓದುವವರು, ಅಂದರೆ ನನ್ನ ಅಂಕಣವನ್ನು ಕೊನೆಯ ಸಾಲಿನವರೆಗೂ ಓದುವ ಏಕಮಾತ್ರ ಜೀವಿ. ಓದಿ ಮುಗಿಸಿದ ಮೇಲೆ ಕನ್ನಡಕ ತೆಗೆದು, "ಅಳಿಯಂದಿರಿಗೆ ಈ ವಾರವೂ ಸಿಟ್ಟು ಬಂದಿದೆ" ಎನ್ನುತ್ತಾರೆ. ಹವಾಮಾನ ವರದಿ ಹೇಳುವ ಅದೇ ದನಿ.

ಈ ವರ್ಷ ನಾನು 'ರಾಜಧಾನಿಯೊಂದೇ ಊರಲ್ಲ' ಎಂಬ ಲೇಖನಮಾಲೆ ಹಿಡಿದೆ. ತಕ್ಕಡಿಯ ಪೆಟ್ಟಿಗೆ ಹೊತ್ತು ನಾನು ಕಾಲಿಡದ ಊರಿಲ್ಲ. ನದಿ ಸಮುದ್ರ ಸೇರುವಲ್ಲಿ ಒಂದು ಮೀನಿನ ಊರಿದೆ. ಅಲ್ಲಿ ಮಂಜುಗಡ್ಡೆ ಕಾರ್ಖಾನೆಯ ಹಿಂಗೋಡೆ ಬೇಸಿಗೆಯ ಮಟಮಟ ಮಧ್ಯಾಹ್ನವೂ ತಣ್ಣಗಿರುತ್ತದೆ. ಊರಿನ ಮುದುಕರೆಲ್ಲ ಕುರ್ಚಿ ತಂದು ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ, ಗೋಡೆ ಯಾರಿಗೂ ಬೇಡ ಎನ್ನುವುದಿಲ್ಲ. ಇಟ್ಟಿಗೆ ಸುಡುವ ಇನ್ನೊಂದು ಊರಿದೆ. ಅಲ್ಲಿ ಒಂದೊಂದು ಮನೆಯದೂ ಒಂದೊಂದು ಕೆಂಪು. ಮನೆ ಯಾವ ಕಾಲದ್ದು, ಆ ಸಲ ಮಣ್ಣು ಯಾವ ದಿಣ್ಣೆಯಿಂದ ಬಂದಿತ್ತು ಎಂದು ಗೋಡೆ ನೋಡಿಯೇ ಹೇಳುತ್ತಾರೆ. ಮತ್ತೊಂದು ಊರಿನ ಹಿರಿಯರು ಹಿಂದೊಮ್ಮೆ ರೈಲಿನವರ ಜೊತೆ ಜಗಳವಾಡಿದ್ದರಿಂದ ರೈಲು ನಿಲ್ದಾಣ ಊರಿನಿಂದ ಬಲು ದೂರದಲ್ಲಿದೆ. ನಡುವಿನ ಆ ಮರಗಳ ದಾರಿಯಲ್ಲಿ ನಡೆಯದೆ ಯಾರೂ ಊರು ಬಿಡುವಂತಿಲ್ಲ, ಆದ್ದರಿಂದ ಸಿಟ್ಟು ಮಾಡಿಕೊಂಡು ಮನೆ ಬಿಟ್ಟವರಲ್ಲಿ ಅರ್ಧ ಜನ ನಿಲ್ದಾಣ ಮುಟ್ಟುವ ಮೊದಲೇ ತಣ್ಣಗಾಗಿ ಹಿಂದಿರುಗುತ್ತಾರೆ. ಇಂಥ ಊರುಗಳನ್ನು ಬಿಟ್ಟು ಯಾರದೋ ಮೊಣಕೈ ನೋಡಲು ಹೋಗುತ್ತೀರಲ್ಲ, ನಿಮಗೆ ಏನೆನ್ನಬೇಕು ಎಂದು ಬರೆದೆ. ಏನೆನ್ನಬೇಕೋ ಅದನ್ನೂ ಬರೆದಿದ್ದೆ. ಸಂಪಾದಕರು ತೆಗೆದರು.

ಶಾಲೆ ಶುರುವಾಗಿ, ಕೊನೆಯ ತಲೆಯಿಲ್ಲದ ಹುಡುಗನೂ ಬಾಗಿಲ ಹಿಂದಿನಿಂದ ಹೊರಟುಹೋದ ದಿನ, ನನ್ನ ಹೆಂಡತಿ ಮಷೀನಿಗೆ ಎಣ್ಣೆ ಬಿಟ್ಟು, ಬಟ್ಟೆ ಮುಚ್ಚಿ, ನನ್ನೆದುರು ಬಂದು ಕೂತಳು. ಅವಳಿಗೆ ರಾಜಧಾನಿ ನೋಡಬೇಕಂತೆ.

ನನಗೆ ಕರೆಂಟು ಹೊಡೆದಂತಾಯಿತು. ನಾನು ರಾಜಧಾನಿ ನೋಡಿದ್ದೇನೆ, ಬಸ್ ನಿಲ್ದಾಣದ ಮಟ್ಟಿಗೆ. (ಸಮುದ್ರ ಉಪ್ಪು ಎಂದು ತಿಳಿಯಲು ಸಮುದ್ರವನ್ನೆಲ್ಲ ಕುಡಿಯಬೇಕಾಗಿಲ್ಲ.) ಅಲ್ಲೇನಿದೆ ಎಂದು ಕೇಳಿದೆ. ಗಡಿಯಾರದ ಗೋಪುರ ಎಂದಿದ್ದರೆ ಅದಕ್ಕೆ ಉತ್ತರ ಸಿದ್ಧವಿತ್ತು. ಅರಮನೆ ಎಂದಿದ್ದರೆ ಅದಕ್ಕೂ ಇತ್ತು. ಅವಳು ಗುಂಡಿ ಬೀದಿ ಎಂದಳು.

ನೂಲು ಮಾರಲು ಬರುವ ವ್ಯಾಪಾರಿ ಯಾವಾಗಲೋ ಹೇಳಿದ್ದನಂತೆ. ರಾಜಧಾನಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಅಂಗಿಯ ಗುಂಡಿಗಳನ್ನು ಬಿಟ್ಟರೆ ಬೇರೇನನ್ನೂ ಮಾರದ ಒಂದು ಬೀದಿ ಇದೆ. ಚಿಪ್ಪಿನ ಗುಂಡಿ, ಮರದ ಗುಂಡಿ, ಕೊಂಬಿನ ಗುಂಡಿ, ಗಾಜಿನ ಗುಂಡಿ. ಧಾನ್ಯ ಅಳೆದಂತೆ ಬೊಗಸೆಯಲ್ಲಿ ಅಳೆದು ಕೊಡುತ್ತಾರೆ. ನನ್ನ ಹೆಂಡತಿ ಮಷೀನಿನ ಮುಂದೆ ಕೂತಂದಿನಿಂದ ಇಂದಿನವರೆಗೆ ಹೊಲಿದದ್ದು ಒಂದೇ ಗುಂಡಿ: ಬಿಳಿಯದು, ನಾಲ್ಕು ತೂತಿನದು, ಶಾಲೆಯ ಅಂಗಿಗೆ ಹಾಕುವುದು.

ಗುಂಡಿ ನೋಡಲು ಅಷ್ಟು ದೂರ ಯಾಕೆ, ನಮ್ಮೂರಲ್ಲಿ ಎಲ್ಲವೂ ಗುಂಡಿ ಬೀದಿಯೇ, ಅಲ್ಲಿ ಗುಂಡಿಯನ್ನು ಅಂಗಿಗೆ ಹಾಕುತ್ತಾರೆ, ಇಲ್ಲಿ ಗುಂಡಿಯೇ ನಮ್ಮನ್ನು ಒಳಗೆ ಹಾಕಿಕೊಳ್ಳುತ್ತದೆ ಎಂದೆ. ಯಾರೂ ನಗಲಿಲ್ಲ. ನನ್ನ ಕಂದು ಅಂಗಿಯ ಎರಡನೇ ಗುಂಡಿ ಉದುರಿಹೋಗಿ ಅಲ್ಲಿ ಪಿನ್ನು ಚುಚ್ಚಿಕೊಂಡಿದ್ದೆ. ಹೆಂಡತಿ ಆ ಪಿನ್ನನ್ನೇ ನೋಡುತ್ತಾ, ಕಂದು ಗುಂಡಿ ಈ ಊರಲ್ಲಿ ಎಲ್ಲೂ ಇಲ್ಲ, ಬಿಳಿಯದನ್ನು ಹಾಕಿದರೆ ಹೊಲಿಗೆಯವಳ ಗಂಡ ಅಂತ ಹೇಳಿಕೊಳ್ಳಬೇಡಿ ಎಂದಳು.

ನಾನು ತತ್ವಕ್ಕೆ ಬಂದೆ. ಊರಿಗೆಲ್ಲ ಹೋಗಬೇಡಿ ಎಂದು ಬರೆದವನು ತಾನೇ ಹೆಂಡತಿಯ ಕೈ ಹಿಡಿದು ಹೊರಟರೆ ಕಂಡಕ್ಟರ್ ಟಿಕೆಟ್ ಕೊಡುತ್ತಾನೆಯೇ, ಕೊಟ್ಟರೂ ಯಾವ ಮುಖ ನೋಡಿ ಕೊಡುತ್ತಾನೆ ಎಂದೆ. ಬೇಕಾದರೆ ಮಂಜುಗಡ್ಡೆಯ ಗೋಡೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ.

"ನೀವು ಹೇಳೋ ಊರುಗಳೆಲ್ಲ ಚೆನ್ನಾಗೇ ಇರಬಹುದು ಕಣ್ರೀ," ಎಂದಳು ಅವಳು. "ಒಂದು ಮಾತು ಹೇಳಿ. ನಮ್ಮೂರು ರಾಜಧಾನಿನಾ?"

"ಅಲ್ಲ."

"ಮತ್ತೆ ನಮ್ಮೂರನ್ನ ಯಾಕೆ ಬರೀಲಿಲ್ಲ?"

ಹಿಂದಿನ ಕೋಣೆಯಲ್ಲಿ ಪತ್ರಿಕೆ ಮಡಿಸುವ ಸದ್ದಾಯಿತು. ಅತ್ತೆ ಬಾಗಿಲಿಗೆ ಬಂದು ನಿಂತರು. ಹಿತ್ತಲ ಗಿಡ ಮದ್ದಲ್ಲವಲ್ಲ, ಅದಕ್ಕೇ ಇರಬೇಕು ಎಂದು ಮಗಳ ಬಾಯಿಗೆ ಇನ್ನಷ್ಟು ಬಲ ಕೊಟ್ಟರು.

ಒಪ್ಪಂದ ಅಲ್ಲೇ ಆಯಿತು. ನಮ್ಮೂರು ನೋಡಲು ಯೋಗ್ಯ ಎಂದು ನಾನು ಬರೆದು ಅಚ್ಚು ಹಾಕಿಸಬೇಕು, ಓದಿದವರು ಹೌದೆನ್ನಬೇಕು. ಹಾಗಾದರೆ ಅವಳು ರಾಜಧಾನಿಗೆ ಕರೆದುಕೊಂಡು ಹೋಗಿ ಎಂದು ಜನ್ಮದಲ್ಲಿ ನನ್ನನ್ನು ಕೇಳುವುದಿಲ್ಲ. ಆಗದಿದ್ದರೆ ನಾನು ತೆಪ್ಪಗೆ ಬಸ್ಸು ಹತ್ತಬೇಕು. ಅತ್ತೆ ಸಾಕ್ಷಿ. ಸುಳ್ಳು ಬರೆಯುವಂತಿಲ್ಲ ಎಂಬ ಷರತ್ತನ್ನು ಯಾರೂ ಹಾಕಲಿಲ್ಲ. ಅದನ್ನು ನನ್ನ ಆತ್ಮಸಾಕ್ಷಿ ಹುಟ್ಟಿನಿಂದಲೇ ಹಾಕಿಬಿಟ್ಟಿದೆ, ಆ ರೋಗಕ್ಕೆ ನಾನೇನೂ ಮಾಡುವಂತಿಲ್ಲ.

ಮರುದಿನ ಚೀಲ ಹೆಗಲಿಗೆ ಹಾಕಿ, ಪ್ರವಾಸಿಯ ಕಣ್ಣಿನಿಂದ ನೋಡೋಣವೆಂದು ನಮ್ಮೂರಿಗೇ ಹೊರಟೆ. ಚಹಾದಂಗಡಿಯವನು ಎಲ್ಲಿಗೆ ಪ್ರಯಾಣ ಎಂದು ಕೇಳಿದ. ಇಲ್ಲಿಗೇ ಎಂದೆ. ಮನೆಯಲ್ಲಿ ಏನಾದರೂ ಮಾತಾಯಿತೇ ಎಂದು ಕೇಳಿ, ಚಹಾದ ಕಾಸು ತೆಗೆದುಕೊಳ್ಳಲಿಲ್ಲ.

ಏನು ನೋಡಬೇಕು ಈ ಊರಲ್ಲಿ? ಬಸ್ ನಿಲ್ದಾಣದ ಗಡಿಯಾರ ನಿಂತುಹೋಗಿದೆ. ವಾಚನಾಲಯಕ್ಕೆ ಬೀಗ. ಹೊಳೆಗೆ ಅಡ್ಡಲಾಗಿ ಹಳೆಯ ಸೇತುವೆ, ಅದರ ಕೆಳಗೆ ಒಂದು ಕಲ್ಲುಬೆಂಚು. ಹೊಂಡಗಳನ್ನು ದಾಟಿ ದಾಟಿ ಕಾಲು ಸೋತು ಆ ಬೆಂಚಿನ ಮೇಲೆ ಕೂತೆ. ಕೂತು ಬೈಯುವುದಕ್ಕೆ ಮಾತು ಹುಡುಕುತ್ತಿದ್ದಾಗ ಒಂದು ವಿಷಯ ಗಮನಕ್ಕೆ ಬಂತು. ಎಷ್ಟು ಹೊತ್ತಾದರೂ ಯಾರೂ ಏಳು ಎನ್ನಲಿಲ್ಲ. ಯಾರೂ ಏನನ್ನೂ ಮಾರಲು ಬರಲಿಲ್ಲ. ಥೂ ಎಂದೆ. ಸೇತುವೆಯ ಕಮಾನು ಅದನ್ನು ಒಂದು ಕ್ಷಣ ಒಳಗಿಟ್ಟುಕೊಂಡು, ಮೆತ್ತಗೆ ಮಾಡಿ, ಬೇರೆ ಯಾರೋ ಅಂದಂತೆ ನನಗೇ ಹಿಂದಕ್ಕೆ ಕೊಟ್ಟಿತು. ಇಷ್ಟು ವರ್ಷ ಈ ಊರಲ್ಲಿದ್ದು ಆ ಬೆಂಚಿನ ಮೇಲೆ ನಾನು ಕೂತಿರಲೇ ಇಲ್ಲ.

ಬರೆದೆ. ನಮ್ಮೂರಲ್ಲಿ ನೋಡುವಂಥದ್ದು ಏನೂ ಇಲ್ಲ, ಅದೇ ನೋಡುವಂಥದ್ದು ಎಂದು ಬರೆದೆ. ಇಲ್ಲಿ ಯಾರೂ ನಿಮಗೆ ಏನನ್ನೂ ಮಾರುವುದಿಲ್ಲ, ಯಾರೂ ಅವಸರದಲ್ಲಿ ಓಡಾಡುವುದಿಲ್ಲ, ಗಡಿಯಾರವೂ ಯಾರನ್ನೂ ಅಟ್ಟುವುದಿಲ್ಲ. ಸೇತುವೆಯ ಕೆಳಗೆ ಕೂತು ಮಾತಾಡಿದರೆ ಮಾತು ತಡವಾಗಿ ಹಿಂದಿರುಗುವುದರಿಂದ ಜನ ಯೋಚಿಸಿ ಮಾತಾಡುತ್ತಾರೆ. ಇದು ಮೊದಲರ್ಧ. ಇನ್ನರ್ಧದಲ್ಲಿ ಆತ್ಮಸಾಕ್ಷಿಯ ಬಾಕಿ ತೀರಿಸಿದೆ: ಹೊಂಡಗಳು, ಮಾರುಕಟ್ಟೆಯ ಹಿಂದಿನ ತೆರೆದ ಚರಂಡಿ, ಕೆಮ್ಮುವ ನಲ್ಲಿ, ವಾಚನಾಲಯದ ಬೀಗಕ್ಕೆ ಹಿಡಿದ ತುಕ್ಕು, ಇದನ್ನೆಲ್ಲ ನೋಡುತ್ತಾ ಕೂತಿರುವ ಪುರಸಭೆ. ತಟ್ಟೆ ಎರಡೂ ಸಮ. ಮುಳ್ಳು ನಡುವೆ ನಿಂತಿತು.

ಇಲ್ಲಿ ಒಂದು ಮಾತು ವಿವರಿಸಬೇಕು. ನಮ್ಮ ಸಂಪಾದಕರು ಜಾಗ ಸಾಲದಿದ್ದರೆ ಲೇಖನವನ್ನು ಓದಿ ಕತ್ತರಿಸುವವರಲ್ಲ. ಅಷ್ಟು ಪುರುಸೊತ್ತು ಅವರಿಗಿಲ್ಲ. ಕೆಳಗಿನಿಂದ ಮೇಲಕ್ಕೆ, ಬೇಕಾದಷ್ಟು ಸೀಳಿ ಎಸೆಯುತ್ತಾರೆ. ಅದು ಗೊತ್ತಿದ್ದೇ ನಾನು ಸಿಟ್ಟನ್ನು ಯಾವಾಗಲೂ ಮೊದಲಿಗೆ ಇಡುತ್ತಿದ್ದೆ. ಹೊಗಳಿಕೆ ಏನಾದರೂ ಇದ್ದರೆ ಕೊನೆಗೆ, ಹೋದರೆ ಹೋಗಲಿ ಎಂದು. ಈ ಸಲ ಪಂದ್ಯ ಗೆಲ್ಲುವ ಹುಮ್ಮಸ್ಸಿನಲ್ಲಿ ಹೊಗಳಿಕೆಯನ್ನು ಮೊದಲಿಗಿಟ್ಟೆ.

ಆ ವಾರ ಹಾಸಿಗೆ ಅಂಗಡಿಯ ಜಾಹೀರಾತು ಬಂತು. ಹಾಸಿಗೆಯ ಚಿತ್ರ ನಿಜವಾದ ಹಾಸಿಗೆಯಷ್ಟೇ ದೊಡ್ಡದಾಗಿತ್ತು ಎಂದರೆ ಉತ್ಪ್ರೇಕ್ಷೆ, ಆದರೆ ಅದರ ಮೇಲೆ ಒಂದು ಮಗು ಮಲಗಬಹುದಿತ್ತು. ನನ್ನ ಲೇಖನದಲ್ಲಿ ಉಳಿದದ್ದು ಮೊದಲರ್ಧ. ನಮ್ಮೂರು ಸ್ವರ್ಗವಾಗಿ ಅಚ್ಚಾಯಿತು.

ಫೋನು ಮಾಡಿ ಕೂಗಾಡಿದೆ. ಸಂಪಾದಕರು, "ಎಂದಿನ ಹಾಗೆ ಕೆಳಗಿಂದ ತೆಗೆದೆ ಮಾರಾಯ್ರೆ. ನಿಮ್ಮದು ಓದಿ ಯಾರೂ ಬೈದು ಪತ್ರ ಬರೆಯದೇ ಇರೋದು ಇದೇ ಮೊದಲು," ಎಂದರು. ರಾಜಧಾನಿಯ ಪತ್ರಿಕೆಯವರಿಗೂ ಹಿಡಿಸಿ ಅಲ್ಲೂ ಅಚ್ಚಾಗಿದೆ ಎಂದು ಶುಭಾಶಯ ಹೇಳಿದರು. ಮನೆಯಲ್ಲಿ ನಡೆದದ್ದನ್ನು ಹೇಳಿದರೆ ಹೆಂಡತಿ ತಲೆಯೆತ್ತದೆ, ಬಟ್ಟೆ ಸಾಲದಿದ್ದರೆ ಯಾರೇ ಆದರೂ ಕೆಳಗಿಂದಲೇ ಕತ್ತರಿಸುವುದು, ಕಾಲರನ್ನು ಕತ್ತರಿಸುತ್ತಾರೆಯೇ ಎಂದಳು. ಪಂದ್ಯ ನಾನು ಗೆದ್ದಿದ್ದೆ. ಅವಳು ಎಣ್ಣೆ ಬಿಟ್ಟು ಮುಚ್ಚಿದ್ದ ಮಷೀನಿನ ಬಟ್ಟೆ ತೆಗೆದು, ಯಾರದೋ ಹಳೆಯ ಪರದೆಗೆ ಅಂಚು ಹೊಲಿಯಲು ಕೂತಳು. ಗೆದ್ದವನಿಗೆ ಆ ಮಷೀನಿನ ಸದ್ದು ಕೇಳಿಕೊಂಡು ಊಟ ಇಳಿಯಲಿಲ್ಲ.

ಪುರಸಭೆಗೆ ಹೋಗಿ ಉಳಿದರ್ಧವನ್ನು ಬಾಯಿಯಲ್ಲೇ ಹೇಳಿಬರೋಣವೆಂದು ಹೊರಟೆ. ಮುಖ್ಯಾಧಿಕಾರಿಯ ಕೋಣೆಯಲ್ಲಿ ನನ್ನ ಲೇಖನಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಎದುರಿಗೆ ಕಾಲಿಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಮನುಷ್ಯ ಹೊಂಡದ ದೂರು ಹೇಳುತ್ತಿದ್ದ. ಮುಖ್ಯಾಧಿಕಾರಿ ಎದ್ದು ನಿಂತು ನನ್ನ ಕೈಕುಲುಕಿ, ದೂರಿನವನಿಗೆ ನನ್ನನ್ನೂ ಗೋಡೆಯನ್ನೂ ತೋರಿಸಿದರು.

"ನೋಡಪ್ಪಾ, ಇವರೇ ಬರೆದಿದ್ದಾರೆ. ಈ ಊರಲ್ಲಿ ಯಾರೂ ಅವಸರದಲ್ಲಿ ಓಡಾಡೋದಿಲ್ಲ ಅಂತ. ಹೊಂಡ ಮುಚ್ಚಿದ್ರೆ ಓಡಾಡೋದಕ್ಕೆ ಶುರು ಮಾಡ್ತಾರೆ. ಆಮೇಲೆ ಊರಿಗೇನು ಹೆಸರು ಉಳಿಯುತ್ತೆ?"

ಹಲವು ವರ್ಷಗಳಿಂದ ಈ ಹೊಂಡಗಳ ಮೇಲೆ ನಾನು ಸುರಿದ ಸಿಟ್ಟನ್ನು ಜಲ್ಲಿಯಾಗಿ ಸುರಿದಿದ್ದರೆ ಅವು ತುಂಬಿಹೋಗುತ್ತಿದ್ದವು. ಒಂದು ಹಾಸಿಗೆ ಬಂದು ಎಲ್ಲವನ್ನೂ ಮುಚ್ಚಿತು. ಪಟ್ಟಿಯವನು ನನ್ನತ್ತ ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ. ಅದು ನ್ಯಾಯವಾದ ನೋಟ.

ಆಮೇಲೆ ಅವರು ಬಂದರು. ಗಂಡ, ಹೆಂಡತಿ, ನಡುವಯಸ್ಸು ದಾಟಿದವರು, ಕೈಯಲ್ಲಿ ಪತ್ರಿಕೆಯ ತುಂಡು. ಊರಿನ ಒಂದೇ ಲಾಡ್ಜಿನಲ್ಲಿ ಜಾಗವಿಲ್ಲದೆ, ಬರೆದವರ ಮನೆ ಯಾವುದೆಂದು ಕೇಳಿಕೊಂಡು ನಮ್ಮ ಬಾಗಿಲಿಗೇ ಬಂದುಬಿಟ್ಟರು. ರಾಜಧಾನಿಯವರು. ನಾನು ಬಾಗಿಲಲ್ಲೇ ನಿಂತು ನಿಜ ಹೇಳಿದೆ. ನೀವು ಓದಿದ್ದು ಅರ್ಧ, ಇನ್ನರ್ಧ ಇಲ್ಲಿದೆ ಎಂದು ಕೈಬರಹದ ಹಾಳೆ ಕೊಟ್ಟೆ. ಆತ ನಿಂತಲ್ಲೇ ಓದಿದರು. ಓದಿ ಹೆಂಡತಿಗೆ ಕೊಟ್ಟು, ಇಷ್ಟು ಪ್ರಾಮಾಣಿಕರಿರುವ ಊರು ಎಂದ ಮೇಲೆ ಬಂದದ್ದು ಸಾರ್ಥಕವಾಯಿತು ಎಂದರು. ನನ್ನ ಹೆಂಡತಿ ಮುಂದಿನ ಕೋಣೆಯಲ್ಲಿ ಹರಡಿದ್ದ ಹೊಲಿಗೆಯ ಪರದೆಗಳನ್ನು ಎತ್ತಿ ಜಾಗ ಮಾಡಿದಳು. ಅತ್ತೆ ಆಗಲೇ ಚಹಾ ಇಟ್ಟಾಗಿತ್ತು.

ನಾನು ಸೋಲೊಪ್ಪುವವನಲ್ಲ. ಅಂದು ಸಂಜೆಯೇ ಇಬ್ಬರನ್ನೂ ಚರಂಡಿಗೆ ಕರೆದುಕೊಂಡು ಹೋದೆ. ನಮ್ಮಲ್ಲಿ ಚರಂಡಿ ಅಂದರೆ ಹೊಳೆಯಷ್ಟು ಅಗಲ, ಇದು ಒಂದು ಹೆಜ್ಜೆಯಲ್ಲೇ ದಾಟಬಹುದಲ್ಲ ಎಂದು ಆಕೆ ಸಂತೋಷಪಟ್ಟರು. ಹೊಂಡಗಳನ್ನು ಒಂದೊಂದಾಗಿ ತೋರಿಸಿದೆ. ಇವಕ್ಕೆ ಹೆದರಿ ಗಾಡಿಗಳು ಎಷ್ಟು ಮೆಲ್ಲಗೆ ಹೋಗುತ್ತವೆ ನೋಡಿ ಎಂದು ಆತ ನನಗೇ ತೋರಿಸಿದರು. ವಾಚನಾಲಯದ ಬೀಗದ ಮುಂದೆ ಫೋಟೋ ತೆಗೆಸಿಕೊಂಡರು. ನಲ್ಲಿ ಕೆಮ್ಮಿದರೆ ಆಕೆ ಅದಕ್ಕೆ ಪಾಪ ಎಂದರು. ಕೊನೆಗೆ ಸೇತುವೆಯ ಕೆಳಗಿನ ಬೆಂಚು. ಆಕೆ ಅಲ್ಲಿ ಕೂತವರು ಹಾಗೇ ಗೋಡೆಗೊರಗಿ ನಿದ್ದೆ ಹೋದರು. ಆತ ಸದ್ದಿಲ್ಲದೆ ನನ್ನ ಪಕ್ಕ ನಿಂತು, ಇವಳು ನಿದ್ದೆ ಮಾಡಿದ್ದನ್ನು ನೋಡಿ ಬಹಳ ದಿನವಾಗಿತ್ತು ಎಂದು ಪಿಸುಗುಟ್ಟಿದರು. ಮನೆಯ ಕೆಳಗೇ ಅಂಗಡಿಯಂತೆ, ಬೆಳಗಾಗುವುದಕ್ಕೆ ಮುಂಚೆ ಗಲಾಟೆ ಶುರುವಂತೆ. ಅದಕ್ಕೆ ಹೇಳಬೇಕೆಂದು ಸಿದ್ಧವಾಗಿದ್ದ ಕುಹಕದ ಮಾತನ್ನು ನಾನು ನುಂಗಿಕೊಂಡೆ.

ಮನೆಗೆ ಬಂದು ಚಹಾ ಕುಡಿಯುವಾಗ ಆತನ ಕಣ್ಣು ಮಷೀನಿನ ಪಕ್ಕದಲ್ಲಿದ್ದ ಡಬ್ಬಿಯ ಮೇಲೆ ಬಿತ್ತು. ಒಳಗೆ ಕೈಹಾಕಿ ಒಂದು ಬಿಳಿ ಗುಂಡಿ ತೆಗೆದು, ಬೆಳಕಿಗೆ ಹಿಡಿದು, ಉಗುರಿನಿಂದ ಮೀಟಿ, ಅದು ಎಲ್ಲಿಯ ಮಾಲೆಂದು ಹೇಳಿಬಿಟ್ಟರು. ನಿಮಗೆ ಹೇಗೆ ಗೊತ್ತು ಎಂದು ನನ್ನ ಹೆಂಡತಿ ಕೇಳಿದಳು.

"ಅದೇ ಕಣಮ್ಮಾ ನಮ್ಮ ವ್ಯಾಪಾರ. ರಾಜಧಾನಿಯಲ್ಲಿ ಗುಂಡಿ ಬೀದಿ ಅಂತ ಇದೆ. ಹೆಸರು ಕೇಳಿದೀರೋ ಇಲ್ವೋ."

ಮಷೀನಿನ ಚಕ್ರ ನಿಂತಿತು. ಅವಳ ಕೈ ಅದರ ಮೇಲೇ ಇತ್ತು. ಅತ್ತೆ ನನ್ನ ಮುಖ ನೋಡಿದರು. ನಾನು ಚಹಾದ ಲೋಟದೊಳಗೆ ನೋಡಿದೆ. ಅಲ್ಲೂ ಸಹಾಯಕ್ಕೆ ಯಾರೂ ಇರಲಿಲ್ಲ.

ಕೇಳಿದ್ದೇನೆ ಎಂದಷ್ಟೇ ಅವಳು ಹೇಳಿದಳು. ಕೊಟ್ಟ ಮಾತಿಗೆ ಅವಳು ಎಷ್ಟು ಗಟ್ಟಿ ಎಂದರೆ, ಮುಂದಿನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳದಿದ್ದರೂ ಆತ ಹೇಳತೊಡಗಿದರು. ಯಾವ ಅಂಗಡಿಯಲ್ಲಿ ಚಿಪ್ಪಿನವು, ಯಾವುದರಲ್ಲಿ ಸೈನ್ಯದ ಹಳೆಯ ಹಿತ್ತಾಳೆಯವು, ಗಾಜಿನ ಗುಂಡಿಗಳ ಅಂಗಡಿಯ ಮುಂದೆ ಬಿಸಿಲು ಬಿದ್ದರೆ ಎದುರಿನ ಗೋಡೆ ಹೇಗೆ ಬಣ್ಣಬಣ್ಣವಾಗುತ್ತದೆ ಎಂದು ಹೇಳಿದರು. ಇಷ್ಟನ್ನೂ ಬೇಸರದಿಂದ ಹೇಳಿದರು. ದಿನವೂ ಅದನ್ನೇ ನೋಡುವವರ ಬೇಸರ. ನನ್ನ ಹೆಂಡತಿ ಹೊಲಿಗೆ ಬಿಟ್ಟು, ಎರಡೂ ಕೈ ಮಡಿಲಲ್ಲಿಟ್ಟು ಕೇಳಿದಳು. ಅವಳು ಎದುರಿಗಿದ್ದವರ ಮಾತನ್ನು ಹಾಗೆ ಕೇಳಬಲ್ಲಳೆಂಬುದು ನನಗೆ ಹೊಸ ಸುದ್ದಿ.

ಮಾರನೆಯ ದಿನ ಅವರು ಹೊರಡಬೇಕಾಗಿತ್ತು. ಹೊರಡಲಿಲ್ಲ. ಇನ್ನೊಂದು ವಾರ ಇರುತ್ತೇವೆ, ತೊಂದರೆಯಾಗುವುದಾದರೆ ಹೇಳಿ ಎಂದರು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಸೊಂಟದಿಂದ ಬೀಗದ ಕೈ ತೆಗೆದು ನನ್ನ ಹೆಂಡತಿಯ ಮುಂದೆ ಇಟ್ಟರು. ಸುಮ್ಮನೆ ನಿಮ್ಮ ಮನೆಯಲ್ಲಿ ತಿಂದುಂಡು ಇರುವುದು ನಮಗೆ ಸರಿ ಕಾಣುವುದಿಲ್ಲ, ನಮ್ಮ ಮನೆ ಅಲ್ಲಿ ಖಾಲಿ ಇದೆ, ಅಂಗಡಿಯ ಮೇಲೆಯೇ, ಅಮ್ಮನನ್ನು ಕರೆದುಕೊಂಡು ಹೋಗಿ ಇದ್ದು ಬನ್ನಿ ಎಂದರು.

ನಾನು ಎದ್ದು ನಿಂತೆ. ಒಪ್ಪಂದವನ್ನು ನೆನಪಿಸಿದೆ. ಮಾತು ಅಂದರೆ ಮಾತು ಎಂದೆ.

"ನಾನೆಲ್ಲಿ ಕೇಳಿದೆ?" ಎಂದಳು ಹೆಂಡತಿ. "ಕರ್ಕೊಂಡು ಹೋಗಿ ಅಂತ ನಿಮ್ಮನ್ನ ಕೇಳಲ್ಲ ಅಂದಿದ್ದೆ. ಕೇಳಲಿಲ್ಲ. ನೀವು ಕರ್ಕೊಂಡೂ ಹೋಗ್ತಿಲ್ಲ."

ಸಾಕ್ಷಿಯತ್ತ ತಿರುಗಿದೆ. ಸಾಕ್ಷಿ ಹಿಂದಿನ ಕೋಣೆಯಲ್ಲಿ ಚೀಲಕ್ಕೆ ಬಟ್ಟೆ ತುಂಬುತ್ತಿತ್ತು.

ಹಾಗಾದರೆ ನಾನೂ ಬರುತ್ತೇನೆ ಎಂಬ ಮಾತು ಗಂಟಲವರೆಗೆ ಬಂತು. ಹೇಗೆ ಬರಲಿ? ಬಸ್ಸಿನ ಕಂಡಕ್ಟರ್ ನನ್ನ ಓದುಗ. ಚಹಾದಂಗಡಿಯವನು ನನ್ನ ಸಾಲುಗಳನ್ನು ಗಿರಾಕಿಗಳಿಗೆ ಓದಿ ಹೇಳುವವನು. ಅದಕ್ಕಿಂತ ದೊಡ್ಡದು, ಮನೆಯಲ್ಲಿ ಅತಿಥಿಗಳು. ಇವರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. ಊರು ಚೆನ್ನಾಗಿದೆ ಅಂತ ಬರೆದವರು ನೀವು, ನೀವೇ ತೋರಿಸಿ ಎಂದಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅತ್ತೆ ಒಳಗಿನಿಂದ ಸೇರಿಸಿದರು. ನಾನು ಊರಿಗಾದರೂ ಏನು ಉಪಕಾರ ಮಾಡಿದ್ದೆ ಎಂದು ಕೇಳಹೊರಟರೆ ಪುರಸಭೆಯ ಗೋಡೆ ನೆನಪಾಯಿತು.

ಹೀಗೆ ರಾಜಧಾನಿಗೆ ಹೋಗಬೇಡಿರೆಂದು ದೇಶಕ್ಕೆ ಕರೆಕೊಟ್ಟವನು, ತನ್ನ ಸ್ವಂತ ಹೆಂಡತಿಯನ್ನೂ ಅತ್ತೆಯನ್ನೂ ರಾಜಧಾನಿಯ ಬಸ್ಸಿಗೆ ಹತ್ತಿಸಿ, ಕಿಟಕಿಯಿಂದ ಚೀಲ ಕೊಟ್ಟು, ರಾಜಧಾನಿಯಿಂದ ಬಂದವರಿಗೆ ಅಡುಗೆ ಮಾಡಲು ಮನೆಗೆ ನಡೆದ. ನನ್ನ ಅಡುಗೆಯನ್ನೂ ಅವರು ಹೊಗಳಿದರು. ಆ ಹೊತ್ತಿಗೆ ಅವರ ಹೊಗಳಿಕೆಯ ಮೇಲೆ ನನಗೆ ನಂಬಿಕೆ ಪೂರ್ತಿ ಹೋಗಿತ್ತು.

ಅಲ್ಲಿಂದ ಫೋನು ಬಂತು. ನನ್ನ ಹೆಂಡತಿ ಫೋನಿನಲ್ಲಿ ಮಾತಾಡುವವಳಲ್ಲ. ಹಾಲು ಕೆಟ್ಟಿದೆ, ಬರುವಾಗ ತನ್ನಿ, ಇಟ್ಟೆ, ಇಷ್ಟೇ ಅವಳ ಪದ್ಧತಿ. ಅಂದು ಅವಳು ನಿಲ್ಲಿಸಲೇ ಇಲ್ಲ. ಬೀದಿಯಲ್ಲಿ ನಡೆಯುವಾಗ ಎರಡೂ ಕಡೆ ಗುಂಡಿ ಸುರಿಯುವ ಸದ್ದು ಮಳೆಯ ಹಾಗೆ ಕೇಳುತ್ತದಂತೆ. ಒಬ್ಬ ಮುದುಕಿ ಬಟ್ಟೆಯ ತುಂಡು ಹಿಡಿದು ಬೀದಿಯ ತುದಿಯವರೆಗೂ ಒಂದೇ ಗುಂಡಿಗೆ ಅಲೆಯುತ್ತಿದ್ದಳಂತೆ, ತಾಯಿ ಮಗಳೂ ಜೊತೆಗೆ ಅಲೆದರಂತೆ, ಸಿಕ್ಕಿದಾಗ ಮೂವರಿಗೂ ಕಣ್ಣಲ್ಲಿ ನೀರು ಬಂತಂತೆ. ಅಮ್ಮ ಗಡಿಯಾರದ ಗೋಪುರವನ್ನೂ ನೋಡಿದರಂತೆ, ಅಳಿಯಂದಿರು ಬರೆದ ಮೊಣಕೈ ಅಲ್ಲಿ ನಿಜಕ್ಕೂ ಇತ್ತಂತೆ. ನೀವು ಏನು ಮಾಡುತ್ತಿದ್ದೀರಿ ಎಂದು ಕೊನೆಗೆ ಕೇಳಿದಳು. ಚರಂಡಿ ತೋರಿಸುತ್ತಿದ್ದೇನೆ ಎಂದೆ.

ಫೋನಿಟ್ಟ ಮೇಲೆ ಸೇತುವೆಯ ಕೆಳಗೆ ಹೋಗಿ ಕೂತೆ. ಯಾರೂ ಏಳು ಎನ್ನಲಿಲ್ಲ. ಎಂದಿದ್ದರೆ ಚೆನ್ನಾಗಿತ್ತು.

ವಾರ ಕಳೆದು ಹೆಂಡತಿ, ಅತ್ತೆ ಬಂದರು, ಅತಿಥಿಗಳು ಹೋದರು. ಹೋಗುವಾಗ ಆಕೆ, ನಿಮ್ಮೂರಿನಂಥ ಊರು ಇನ್ನೊಂದಿಲ್ಲ, ಎಲ್ಲರಿಗೂ ಹೇಳುತ್ತೇವೆ ಎಂದರು. ದಯವಿಟ್ಟು ಬೇಡ ಎಂದು ಕೈಮುಗಿದೆ. ಅದನ್ನು ವಿನಯ ಎಂದುಕೊಂಡರು.

ಅಂದು ಸಂಜೆ ಹೆಂಡತಿ ನನ್ನನ್ನು ಮುಂದೆ ನಿಲ್ಲಿಸಿಕೊಂಡು, ಅಂಗಿ ಬಿಚ್ಚಿಸುವ ತಾಳ್ಮೆಯೂ ಇಲ್ಲದೆ, ಮೈಮೇಲಿದ್ದ ಹಾಗೆಯೇ ಎರಡನೇ ಗುಂಡಿ ಹೊಲಿಯತೊಡಗಿದಳು. ಕೊಂಬಿನ ಗುಂಡಿ, ಕಂದು ಬಣ್ಣದ್ದು. ಉಳಿದ ಗುಂಡಿಗಳ ನಡುವೆ ಇಟ್ಟರೆ ಯಾವುದು ಹೊಸದು ಎಂದು ಹೇಳಲಾಗದು. ಆ ಬೀದಿಯಲ್ಲಿ ಇದಕ್ಕೆ ಎಷ್ಟು ಅಂಗಡಿ ತಿರುಗಿದಳೆಂದು ಅವಳು ಹೇಳಲಿಲ್ಲ, ಅತ್ತೆ ಹೇಳಿದರು. ಮಗಳ ಕಾಲಿಗಿಂತ ತಮ್ಮ ಕಾಲು ಹೆಚ್ಚು ನೋಯುತ್ತಿದೆ ಎಂದೂ ಸೇರಿಸಿದರು.

ಹೇಗಿತ್ತು ಎಂದು ಕೇಳಿದೆ. ಹೋಗಿ ನೋಡಬೇಕು ಎಂದಳು. ಮತ್ತೆ ಹೋಗುವುದಿದೆಯೇ ಎಂದೆ. ಮುಂದಿನ ರಜೆಗೆ ಬನ್ನಿ ಎಂದು ಅವರು ಹೇಳಿದ್ದಾರೆ, ಹೋಗುತ್ತೇವೆ ಎಂದಳು. ನಾನು ಸ್ವಲ್ಪ ಹೊತ್ತು ಕಾದೆ. ಅವಳು ಸೂಜಿಯನ್ನು ಇನ್ನೊಂದು ತೂತಿನಿಂದ ಎಳೆದಳು.

"ನನ್ನನ್ನ ಕರೆಯಲ್ವಾ?"

"ಅಯ್ಯೋ, ನಾನು ಹೇಗೆ ಕೇಳಲಿ? ಜನ್ಮದಲ್ಲಿ ಕೇಳಲ್ಲ ಅಂತ ಮಾತು ಕೊಟ್ಟಿದ್ದೀನಲ್ಲ," ಎಂದಳು, ಸೂಜಿಯಿಂದ ಕಣ್ಣು ತೆಗೆಯದೆ. "ಇನ್ಮೇಲೆ ಏನಿದ್ದರೂ ನೀವೇ ಕೇಳಬೇಕು."

ವಾರವಾರವೂ ಪತ್ರಿಕೆಯ ಒಂದು ಅಂಕಣವನ್ನು ಮಾತಿನಿಂದ ತುಂಬಿಸುವ ನನಗೆ ಆ ಒಂದು ಮಾತು ಸಿಗಲಿಲ್ಲ. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ನೋಡು, ಒಂದು ಊರನ್ನು ದ್ವೇಷಿಸುವವನು ಸಹ ತತ್ವಕ್ಕಾಗಿ ಅದನ್ನು ಹತ್ತಿರದಿಂದ ಪರಿಶೀಲಿಸುವುದು ಅಗತ್ಯವೆಂದು ಕೆಲವರು ಅಭಿಪ್ರಾಯಪಡುತ್ತಾರೆ ಎಂದೆ. ತಕ್ಕಡಿಯಲ್ಲಿ ಎರಡೂ ತಟ್ಟೆಗಳಿಗೆ ಅವಕಾಶ ಕೊಡದೆ ಮುಳ್ಳು ನಿಲ್ಲುವುದಿಲ್ಲ ಎಂದೆ. ಹಾಗೆಂದ ಮಾತ್ರಕ್ಕೆ ಹಿಂದೆ ಬರೆದದ್ದು ತಪ್ಪೆಂದು ಯಾರೂ ಭಾವಿಸಬಾರದು ಎಂದೆ. ಬಸ್ಸುಗಳ ಸ್ಥಿತಿಯ ಬಗ್ಗೆಯೂ ಒಂದೆರಡು ಮಾತು ಹೇಳಿದೆ.

ಹಿಂದಿನ ಕೋಣೆಯಿಂದ, ಪತ್ರಿಕೆಯ ಮರೆಯಿಂದ, ಅತ್ತೆಯ ದನಿ ಬಂತು.

"ಅಳಿಯಂದಿರೇ, ಕೇಳಬೇಕಾದ್ದನ್ನ ಮೊದಲಿಗೇ ಇಡಿ. ಕೊನೆಗೆ ಇಟ್ಟರೆ ಕತ್ತರಿ ಬೀಳುತ್ತೆ."

ತಲೆ ತಗ್ಗಿಸಿ ನೋಡಿದೆ. ಹೊಲಿಗೆ ಮುಗಿದಿತ್ತು. ನನ್ನ ಹೆಂಡತಿ ನೂಲನ್ನು ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಕತ್ತರಿಯನ್ನು ತೆರೆದುಕೊಂಡು ಕಾಯುತ್ತಿದ್ದಳು.